ಮಹಾಂತಮ್ಮನ ಜೇನುಕಣ್ಣು

ಭದ್ರಾವತಿಯ ಜನ್ನಾಪುರದಲ್ಲಿ ‘ಗುರು ಟೈಲರ್ಸ್’ ಎಂಬ ಬೋರ್ಡು ನೇತಾಡುವ ಮನೆಯ ಕಿಟಕಿಗೆ ಒಂದು ನೀಲಿ ಪರದೆಯಿದೆ. ಅದು ಕಿಟಕಿಗಿಂತ ಸರಿಯಾಗಿ ಒಂದಿಂಚು ಗಿಡ್ಡ. ಹೊಲಿದವನು ಗುರುಮೂರ್ತಿ, ಕಣ್ಣಳತೆಯಲ್ಲೇ ಅಂಗಿ ಕತ್ತರಿಸುವ ಟೈಲರ್. ಕಿಟಕಿಯ ಅಳತೆ ಕೊಟ್ಟವಳು ಅವನ ಹೆಂಡತಿ ಮಹಾಂತಮ್ಮ. ತಪ್ಪು ಯಾರದು ಎಂಬ ವ್ಯಾಜ್ಯ ಮದುವೆಯಾದ ಮೂರನೇ ತಿಂಗಳಲ್ಲಿ ಶುರುವಾದದ್ದು, ಇಪ್ಪತ್ತೊಂಬತ್ತು ವರ್ಷ ನಡೆಯಿತು. ಈ ನಡುವೆ ಪರದೆ ನಾಲ್ಕು ಸಲ ಬದಲಾಗಿದೆ. ನಾಲ್ಕೂ ಸಲ ಒಂದಿಂಚು ಗಿಡ್ಡವೇ ಬಂದಿದೆ.

“ನಾಲ್ಕಡಿ ಅಂತ ನೀನೇ ತಾನೆ ಹೇಳಿದ್ದು ಮಾರಾಯ್ತಿ? ನಾಲ್ಕಡಿನೇ ಹೊಲಿದಿದೀನಿ,” ಎನ್ನುತ್ತಿದ್ದ ಗುರು.

“ಕಿಟಕಿ ನಾಲ್ಕಡಿನೇ ಇರೋದು. ನಿಮ್ಮ ಟೇಪು ಇಸ್ತ್ರಿಪೆಟ್ಟಿಗೆ ಬಿಸಿಗೆ ಕುಗ್ಗಿದೆ. ನಂದು ನಮ್ಮಪ್ಪನ ಸ್ಕೇಲು. ಕಾರ್ಖಾನೆ ಸ್ಕೇಲು!” ಎನ್ನುತ್ತಿದ್ದಳು ಅವಳು.

ಕಾರ್ಖಾನೆ ಎಂಬ ಮಾತು ಬಂತೆಂದರೆ ಗುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಮಾವನ ವಿಷಯದಲ್ಲಿ ಹೆಂಡತಿಯೊಡನೆ ವಾದ ಮಾಡಿ ಗೆದ್ದ ಗಂಡಸು ಭದ್ರಾವತಿಯಲ್ಲಿ ಇನ್ನೂ ಹುಟ್ಟಿಲ್ಲ.

ಮಹಾಂತಮ್ಮನ ತಂದೆ ಶಿವಯೋಗಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮರಗೆಲಸದವರು. ಕಬ್ಬಿಣದ ಕಾರ್ಖಾನೆಯಲ್ಲಿ ಮರಕ್ಕೇನು ಕೆಲಸ ಎಂದು ಕೇಳುವವರಿಗೆ ಅವರು ತಾಳ್ಮೆಯಿಂದ ವಿವರಿಸುತ್ತಿದ್ದರು: ಚಕ್ರವೋ ಗೇಟೋ ಏನೇ ಎರಕ ಹೊಯ್ಯಬೇಕಾದರೂ ಮೊದಲು ಅದರ ಆಕಾರವನ್ನು ಮರದಲ್ಲಿ ಮಾಡಬೇಕು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಬೀಳುತ್ತದೆ. ಆ ಗುಳಿಗೆ ಕರಗಿದ ಉಕ್ಕು ಸುರಿಯುತ್ತಾರೆ. ಮಾದರಿ ಮಾಡುವ ಆ ಜಾಗಕ್ಕೆ ಪ್ಯಾಟರ್ನ್ ಶಾಪ್ ಎಂದು ಹೆಸರು. ಅಲ್ಲಿ ತಮಿಳಿನವರು, ತೆಲುಗಿನವರು, ನಮ್ಮವರು ಎಲ್ಲ ಸೇರಿ ಮೂರು ಭಾಷೆಯಲ್ಲಿ ಬೈದಾಡಿಕೊಂಡು ಒಂದೇ ಕೆಲಸ ಮಾಡುತ್ತಿದ್ದರು.

ಮಗಳಿಗೆ ಏಳು ವರ್ಷವಾದಾಗಲೇ ಅವರು ಕೈಗೆ ಉಳಿ ಕೊಟ್ಟರು. ಹತ್ತು ತುಂಬುವ ಹೊತ್ತಿಗೆ ಅವಳು ತೇಗದ ತುಂಡಿನಲ್ಲಿ ಗಿಳಿ ಕೆತ್ತಿದ್ದಳು. ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳು ಪ್ಯಾಟರ್ನ್ ಕೆಲಸಕ್ಕೆ ಅರ್ಜಿ ಹಾಕುವುದು ಯಾರ ಕನಸಿನಲ್ಲೂ ಇರಲಿಲ್ಲ. ಹಾಗಾಗಿ ಕಲಿತ ಕೈ ಸಕ್ಕರೆ ಅಚ್ಚಿನ ಕಡೆ ತಿರುಗಿತು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಬೀರುವ ಸಕ್ಕರೆಯ ಆನೆ, ನವಿಲು, ತುಳಸಿಕಟ್ಟೆ ಇವುಗಳನ್ನು ಎರೆಯುವ ಮರದ ಅಚ್ಚು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಡಿಸೆಂಬರ್ ಬಂತೆಂದರೆ ಮಹಾಂತಮ್ಮನ ಅಚ್ಚನ್ನು ಕೇಳಿ ಪಡೆಯುವ ಗಿರಾಕಿಗಳಿದ್ದಾರೆ.

ಶಿವಯೋಗಪ್ಪನವರಿಗೆ ಮಗಳ ಕೈಚಳಕದ ಮೇಲೆ ಬಹಳ ಅಭಿಮಾನ. ನಾಲಿಗೆಯ ಮೇಲೆ ಮಾತ್ರ ಹಿಡಿತ ಕಡಿಮೆ. ನೆಂಟರಿಷ್ಟರ ಎದುರು ಒಂದು ಮಾತು ಆಡುತ್ತಿದ್ದರು: “ಇಬ್ರೂ ಮರಾನೇ ಕೆತ್ತೋದು. ಆದ್ರೆ ನಂದು ಎರಕಕ್ಕೆ ಹೋಗುತ್ತೆ, ನಮ್ಮ ಮಾಂತಿದು ಬಾಯಿಗೆ ಹೋಗುತ್ತೆ!” ಎಲ್ಲರೂ ನಗುತ್ತಿದ್ದರು. ಮಾಂತಿಯೂ ನಗುತ್ತಿದ್ದಳು. ಅವಳಿಗೆ ಅದು ನೋಯುತ್ತಿತ್ತು ಎಂದು ಅವರು ಸಾಯುವವರೆಗೂ ತಿಳಿಯಲಿಲ್ಲ. ಅವರು ಹೋಗಿ ಆರು ವರ್ಷವಾದರೂ ಅವಳಿಗೆ ಆ ಮಾತು ಮರೆತಿಲ್ಲ. ತನ್ನ ಕೈಯಿಂದ ಬಂದ ಒಂದಾದರೂ ವಸ್ತು ನಾಲಿಗೆಯ ಮೇಲೆ ಕರಗದೆ ಲೋಕದಲ್ಲಿ ನಿಂತು ಕೆಲಸ ಮಾಡಬೇಕು ಎಂಬುದು ಅವಳ ಒಂದೇ ಆಸೆ. ಯಾರಿಗೂ ಹೇಳಿರಲಿಲ್ಲ, ಗುರುವಿಗೂ.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಒಂದು ಸಕ್ಕರೆ ಜೇನುಹುಳ, ಹುಳದ ಹಿಂದೆ ಸಾಲುಗಟ್ಟಿದ ಇರುವೆ.

“ನಾನು ದೀಪಶ್ರೀ. ಶಿವಮೊಗ್ಗ ರವೀಂದ್ರನಗರದವಳು, ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡ್ತೀನಿ. ಈ ಜೇನಿನ ಕಣ್ಣು ಕೆತ್ತಿದ್ದು ನೀವೇನಾ?”

ಮಹಾಂತಮ್ಮ ದೂರು ಕೇಳಲು ಸಿದ್ಧಳಾಗಿ ಸೆರಗು ಬಿಗಿ ಮಾಡಿಕೊಂಡಳು. “ಹೌದು. ಯಾಕೆ, ಸಕ್ಕರೆ ಅಂಟಿತಾ?”

“ಅಯ್ಯೋ ಅಂಟಿಲ್ಲ! ಲೆನ್ಸ್ ಇಟ್ಟು ನೋಡಿದೆ. ಕಣ್ಣು ಇರೋದೇ ಮೂರು ಮಿಲಿಮೀಟರು. ಅದರಲ್ಲಿ ನಲವತ್ತೊಂದು ಚುಕ್ಕೆ ಇದೆ!”

“ನಲವತ್ತೆರಡು,” ಎಂದಳು ಮಹಾಂತಮ್ಮ. “ಒಂದು ಮುಚ್ಚಿಕೊಂಡಿರ್ಬೇಕು.”

ದೀಪಶ್ರೀ ಅಲ್ಲೇ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು, ಎರಡು ಗಂಟೆ ಏಳಲಿಲ್ಲ. ಅವಳೂ ಅವಳ ವಿದ್ಯಾರ್ಥಿನಿ ರಕ್ಷಾ ಎಂಬ ಗೋಪಾಳದ ಹುಡುಗಿಯೂ ಸೇರಿ ಅಂಗೈಯಗಲದ ಒಂದು ಹಾರುವ ಯಂತ್ರ ಮಾಡುತ್ತಿದ್ದರು. ಕಾಲುವೆಗಳ ಕೆಳಗಿನ ಸುರಂಗ, ಮೋರಿ ಇಂಥ ಕಡೆ ಮನುಷ್ಯರು ನುಗ್ಗಲಾರರು, ಆಕಾಶದ ಉಪಗ್ರಹವೂ ದಾರಿ ಹೇಳಲಾರದು. ಅಲ್ಲಿ ಹಾರಿ ಹೋಗಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿಕೊಂಡು ಬರುವ ಯಂತ್ರ. ಮಲೆನಾಡಿನ ಪುಟ್ಟ ಜೇನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು, ತುಡುವೆ. ದೊಡ್ಡ ಕ್ಯಾಮೆರಾ ಹೊರಿಸಿದರೆ ತುಡುವೆ ಏಳುವುದಿಲ್ಲ. ಎದ್ದರೂ ಆ ಚಿತ್ರಗಳನ್ನೆಲ್ಲ ಅರ್ಥ ಮಾಡಿಕೊಳ್ಳುವಷ್ಟು ದೊಡ್ಡ ಕಂಪ್ಯೂಟರನ್ನು ಹೊರಲಾರದು.

“ಜೇನಿಗೆ ಮಿದುಳು ಇರೋದು ಎಳ್ಳುಕಾಳಿನಷ್ಟು,” ಎಂದಳು ದೀಪಶ್ರೀ. “ಆದ್ರೂ ಗೋಡೆಗೆ ಗುದ್ದಲ್ಲ. ಹೇಗೆ ಗೊತ್ತಾ? ನೀವು ಬಸ್ಸಲ್ಲಿ ಬರ್ತೀರಲ್ಲ, ಹತ್ತಿರದ ಲೈಟುಕಂಬ ಸರಸರ ಹಿಂದೆ ಓಡುತ್ತೆ, ದೂರದ ಗುಡ್ಡ ನಿಧಾನಕ್ಕೆ ಹೋಗುತ್ತೆ. ಅಷ್ಟೇ! ಎಡಗಣ್ಣಲ್ಲಿ ಗೋಡೆ ಜೋರಾಗಿ ಓಡಿದ್ರೆ ಎಡಗೋಡೆ ಹತ್ತಿರ ಬಂತು ಅಂತ. ಜೇನು ಬಲಕ್ಕೆ ಸರಿಯುತ್ತೆ. ಎರಡೂ ಕಡೆ ಒಂದೇ ಸಮ ಓಡೋ ಹಾಗೆ ನೋಡಿಕೊಂಡ್ರೆ ಮಧ್ಯದಲ್ಲೇ ಇರುತ್ತೆ. ಅದಕ್ಕೆ ಚಿತ್ರ ಬೇಡ. ಸಾಲಾಗಿ ನಿಂತ ನೂರಾರು ಚುಕ್ಕೆ ಕಣ್ಣು ಸಾಕು.”

ಆ ಸಂಜೆ ಕೆಲಸವಿಲ್ಲದಿದ್ದರೂ ಮಹಾಂತಮ್ಮ ಶಿವಮೊಗ್ಗದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ಹೋಗಿ, ಕಿಟಕಿಯ ಪಕ್ಕ ಕೂತು ವಾಪಸು ಬಂದಳು. ಕಂಬಗಳು ಓಡಿದವು, ಗುಡ್ಡ ತೆವಳಿತು. ಐವತ್ತಮೂರು ವರ್ಷ ಈ ದಾರಿಯಲ್ಲಿ ಓಡಾಡಿಯೂ ತಾನು ನೋಡದ್ದನ್ನು ಒಂದು ಹುಳ ದಿನವೂ ನೋಡುತ್ತದೆಯಲ್ಲ ಎಂದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕಂಡಕ್ಟರಿಗೂ ಅದನ್ನು ವಿವರಿಸಿದಳು. ಅವನು ಚಿಲ್ಲರೆ ಕೇಳಿದ.

ದೀಪಶ್ರೀ ಅವಳಿಗೆ ಒಪ್ಪಿಸಿದ ಕೆಲಸ ಇಷ್ಟು: ದಪ್ಪ ನಿಂಬೆಹಣ್ಣನ್ನು ಅರ್ಧ ಮಾಡಿದಂಥ ಎರಡು ತೆಳು ಚಿಪ್ಪು. ಒಂದೊಂದರಲ್ಲೂ ಮುಂದಿನಿಂದ ಹಿಂದಕ್ಕೆ ಹದಿಮೂರು ತೂತಿನ ಐದು ಸಾಲು. ತೂತಿನಿಂದ ತೂತಿಗೆ ಸರಿಯಾಗಿ ನಾಲ್ಕು ಮಿಲಿಮೀಟರು. ಪ್ರತಿ ತೂತಿನ ಹಿಂದೆ ಬೆಳಕನ್ನು ಗುರುತಿಸುವ ಒಂದು ಕಾಳು. ಆ ಕಾಳುಗಳನ್ನೆಲ್ಲ ನಾಲ್ಕು ಮಿಲಿಮೀಟರ್ ಅಂತರದಲ್ಲಿ ಪೋಣಿಸಿದ ಬಾಗುವ ಪಟ್ಟಿಯನ್ನು ಚಿಪ್ಪಿನ ಒಳಗೆ ಅಂಟಿಸುವುದು. ಕಾಲೇಜಿನ ಯಂತ್ರದಲ್ಲಿ ಪ್ಲಾಸ್ಟಿಕ್ ಚಿಪ್ಪು ಮುದ್ರಿಸಿ ನೋಡಿದ್ದರು. ತೂತಿನ ಒಳಗೋಡೆ ಹೊಳೆದು ಒಂದರ ಬೆಳಕು ಇನ್ನೊಂದಕ್ಕೆ ನುಗ್ಗಿ ಎಲ್ಲ ಕಲಸುಮೇಲೋಗರವಾಗಿತ್ತು.

ಮಹಾಂತಮ್ಮ ಅಟ್ಟದ ಮೇಲೆ ಮೂರು ವರ್ಷ ಒಣಗಿದ್ದ ಶಿವನೆ ಮರದ ತುಂಡು ಇಳಿಸಿದಳು. ಹಗುರ, ಬಿರುಕು ಬಿಡದ ಮರ. ತೂತು ಕೊರೆಯಲು ಗಂಡನ ಹೊಲಿಗೆ ಯಂತ್ರದ ಮುರಿದ ಸೂಜಿಗಳನ್ನು ಕಲ್ಲಿನ ಮೇಲೆ ಮಸೆದು ಬೈರಿಗೆ ಮಾಡಿಕೊಂಡಳು. ಒಳಗೋಡೆ ಹೊಳೆಯಬಾರದು ಎಂದರಲ್ಲ, ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದು, ದಾರಕ್ಕೆ ಸವರಿ, ಪ್ರತಿ ತೂತಿನೊಳಗೂ ಎಳೆದಳು. ರಕ್ಷಾ ಬಾಯಿ ತೆರೆದುಕೊಂಡು ನೋಡಿದಳು. “ಆಂಟಿ, ಕಣ್ಣಿಗೆ ಕಾಡಿಗೆ ಹಚ್ತಿದೀರಾ!”

ಎಡಗಣ್ಣನ್ನು ಶಿವಮೊಗ್ಗದ ಕಾಲೇಜಿನಲ್ಲೇ, ರಕ್ಷಾಳ ಪಕ್ಕ ಕೂತು, ಅಲ್ಲಿಯ ಸಲಕರಣೆ ಹಿಡಿದು ಮಾಡಿದಳು. ಅಷ್ಟರಲ್ಲಿ ನವೆಂಬರ್ ಮುಗಿಯುತ್ತ ಬಂತು. ಅಚ್ಚಿನ ಗಿರಾಕಿಗಳು ಮನೆಗೆ ಎಡತಾಕತೊಡಗಿದರು. ಹಾಗಾಗಿ ಬಲಗಣ್ಣನ್ನು ಮನೆಯಲ್ಲೇ ಮಾಡಿದಳು. ಅಪ್ಪನ ಸ್ಕೇಲಿನ ಮೇಲೆ ಕೈವಾರವನ್ನು ನಾಲ್ಕು ಮಿಲಿಮೀಟರಿಗೆ ಬಿಡಿಸಿ, ಚಿಪ್ಪಿನ ಬೆನ್ನಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಸಿ ಗುರುತು ಮಾಡಿದಳು. ಹನ್ನೊಂದು ದಿನ ಹಿಡಿಯಿತು. ಎರಡು ಕಣ್ಣನ್ನೂ ಜೊತೆಗಿಟ್ಟು ನೋಡಿದರೆ ಅವಳಿಜವಳಿ. ನೋಡುವ ಕಣ್ಣಿಗೆ ಕೂದಲೆಳೆಯ ಭೇದವಿಲ್ಲ.

ಡಿಸೆಂಬರಿನ ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ, ಈ ಕೆಲಸಕ್ಕೆ ಹಣ ಕೊಡುವ ಮೂವರ ಸಮಿತಿ ಹೊರಗಿನಿಂದ ಬರುವುದಿತ್ತು. ತುಡುವೆ ಹಾರಿದರೆ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತದೆ. ಅದಕ್ಕೆ ಎರಡು ದಿನ ಮುಂಚೆ, ಸೋಮವಾರ ಮಧ್ಯಾಹ್ನ, ಕಾಲೇಜಿನ ಮಹಡಿಯ ಮೊಗಸಾಲೆಯಲ್ಲಿ ಮೊದಲ ಹಾರಾಟ. ಎರಡು ಕಡೆಯೂ ಹಗ್ಗ ಕಟ್ಟಿ, ಸಭಾಂಗಣದಿಂದ ತಂದ ಪಟ್ಟೆಪಟ್ಟೆ ಜಮಖಾನಗಳನ್ನು ಗೋಡೆಯಂತೆ ಇಳಿಬಿಟ್ಟಿದ್ದರು. ನಡುವೆ ಒಂದು ಮೀಟರ್ ದಾರಿ. ಪಟ್ಟೆ ಇದ್ದರೆ ಗೋಡೆ ಓಡುವುದು ಕಣ್ಣಿಗೆ ಚೆನ್ನಾಗಿ ಸಿಗುತ್ತದೆ.

ತುಡುವೆ ಗುಂಯ್ ಎಂದು ಎದ್ದಿತು. ಮಹಾಂತಮ್ಮನ ಎದೆಯೂ ಜೊತೆಗೇ ಎದ್ದಿತು. ನಾಲ್ಕು ಮಾರು ನೆಟ್ಟಗೆ ಹೋಯಿತು, ಆಮೇಲೆ ಬಲಕ್ಕೆ ವಾಲಿತು, ಬಲಗಡೆಯ ಜಮಖಾನಕ್ಕೆ ಮೂತಿ ತಿಕ್ಕಿ ನೆಲಕ್ಕೆ ಬಿತ್ತು. ಮತ್ತೆ ಹಾರಿಸಿದರು. ಮತ್ತೆ ಬಲಕ್ಕೆ. ಹದಿನಾಲ್ಕು ಸಲ ಹಾರಿಸಿದರು, ಹದಿನಾಲ್ಕು ಸಲವೂ ಬಲಕ್ಕೆ.

ರಕ್ಷಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. “ಬಲಗಣ್ಣು ಸರಿಯಾಗಿ ಕಾಣ್ತಿಲ್ಲ ಆಂಟಿ. ಮುಂದಿನ ತೂತುಗಳೆಲ್ಲ ಚೆನ್ನಾಗಿವೆ. ಹಿಂದೆ ಹಿಂದೆ ಹೋದ ಹಾಗೆ ಬೆಳಕು ಕಮ್ಮಿ ಆಗ್ತಾ ಹೋಗುತ್ತೆ. ಕೊನೇದಂತೂ ಅರ್ಧ ಕುರುಡು. ಬಲಗೋಡೆ ಎಲ್ಲೋ ದೂರ ಇದೆ ಅಂದ್ಕೊಂಡು ಆ ಕಡೆಗೇ ಹೋಗ್ತಿದೆ. ಪಟ್ಟಿ ಬದಲಾಯಿಸಿದ್ದೂ ಆಯ್ತು. ಹಾಗೇ ಬರ್ತಿದೆ.”

ದೀಪಶ್ರೀ ಚಿಪ್ಪನ್ನು ಮೃದುವಾಗಿ ಮುಟ್ಟಿದಳು. “ಮರ ಅಲ್ವಾ... ಸ್ವಲ್ಪ ಉಬ್ಬಿರಬೇಕು.”

ಮಹಾಂತಮ್ಮನಿಗೆ ಮೈಯೆಲ್ಲ ಉರಿಯಿತು. “ನನ್ನ ಮರ ಉಬ್ಬಲ್ಲ ಮೇಡಂ. ಮೂರು ವರ್ಷ ಒಣಗಿದ ಮರ. ಅಳತೆ ತಪ್ಪಿರ್ಬೇಕು ಅಂತೀರಾದ್ರೆ ಅದೂ ಸಾಧ್ಯ ಇಲ್ಲ. ನಮ್ಮಪ್ಪನ ಸ್ಕೇಲು ಅದು, ನಲವತ್ತು ವರ್ಷ ಕಾರ್ಖಾನೇಲಿ ಓಡಿದ್ದು. ನಿಮ್ಮ ಲೆಕ್ಕದಲ್ಲೇ ಏನೋ ಇದೆ, ನೋಡಿಕೊಳ್ಳಿ!”

“ತಪ್ಪು ನಿಮ್ದು ಅಂತ ನಾನು ಹೇಳ್ತಿಲ್ಲ,” ಎಂದಳು ದೀಪಶ್ರೀ. ಅವಳ ಮುಖ ಬಾಡಿತ್ತು. “ಸಮಿತಿಯವರಿಗೆ ಫೋನ್ ಮಾಡಿ ಮುಂದಿನ ತಿಂಗಳು ಬನ್ನಿ ಅಂತೀನಿ. ಅಷ್ಟರಲ್ಲಿ ಪುಣೆಯಿಂದ ಲೋಹದ ಚಿಪ್ಪು ಮಾಡಿಸಿ ತರಿಸೋಣ. ಇವನ್ನ ಇಲ್ಲೇ ಶೋಕೇಸಲ್ಲಿ ಇಡ್ತೀವಮ್ಮ, ಜೋಪಾನವಾಗಿ.”

ಶೋಕೇಸ್! ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಬಾಯಿಗೆ ಹೋಗುವ ಅಚ್ಚಿಗಾದರೂ ವರ್ಷಕ್ಕೊಂದು ಸಲ ಕೆಲಸವಿದೆ, ಶೋಕೇಸಿನ ಬೊಂಬೆಗೆ ಅದೂ ಇಲ್ಲ.

“ನಾಳೆ ಸಾಯಂಕಾಲದವರೆಗೂ ಫೋನ್ ಮಾಡಬೇಡಿ,” ಎಂದಳು. “ಒಂದು ದಿನ ಕೊಡಿ ನಂಗೆ.” ಬಲಗಣ್ಣನ್ನು ಬಿಚ್ಚಿಸಿ, ಕರವಸ್ತ್ರದಲ್ಲಿ ಸುತ್ತಿ, ಬಸ್ಸು ಹತ್ತಿದಳು. ಈ ಸಲ ಕಂಬಗಳು ಓಡಿದ್ದನ್ನು ಅವಳು ನೋಡಲಿಲ್ಲ.

ಮನೆಗೆ ಬಂದಾಗ ಗುರು ಒಂದು ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಅವಳು ಚಪ್ಪಲಿ ಬಿಡುತ್ತಲೇ ಸುರುಮಾಡಿದಳು: ಹದಿನಾಲ್ಕು ಸಲ ಬಲಕ್ಕೆ ಹೋದದ್ದು, ಮರ ಉಬ್ಬಿದೆ ಎಂದದ್ದು, ಶೋಕೇಸ್ ಎಂದದ್ದು. “ಮುಂದಿಂದೆಲ್ಲ ಸರಿ ಇದೆಯಂತೆ, ಹಿಂದಿಂದು ಕಾಣಲ್ವಂತೆ. ಮರ ಉಬ್ಬಿದ್ರೆ ಒಂದೇ ಕಡೆ ಯಾಕೆ ಉಬ್ಬುತ್ತೆ, ನೀವೇ ಹೇಳಿ!”

ಗುರು ಹಲ್ಲಿನ ನಡುವಿನ ಸೂಜಿ ತೆಗೆಯದೆ ಹೇಳಿದ, “ಅದು ಕಾಜ ತಪ್ಪಿದ ಅಂಗಿ ಆಯ್ತಲ್ಲ.”

“ಏನು ಹಾಗಂದ್ರೆ?”

“ಅದೇ ಕಣೆ. ಕಾಜಾನ ಒಂದು ಟೇಪಲ್ಲಿ ಅಳೆದು, ಗುಂಡೀನ ಇನ್ನೊಂದು ಟೇಪಲ್ಲಿ ಅಳೆದ್ರೆ ಹಾಗೇ ಆಗೋದು. ಕತ್ತಿನ ಹತ್ರ ಮೊದಲ ಎರಡು ಗುಂಡಿ ಬೆಣ್ಣೆ ಹಾಗೆ ಕೂರುತ್ತೆ. ಕೆಳಗೆ ಬರ್ತಾ ಬರ್ತಾ ಎಳೆಯುತ್ತೆ. ಹೊಟ್ಟೆ ಹತ್ರ ಬಂದಾಗ ಕಾಜ ಎಲ್ಲೋ, ಗುಂಡಿ ಎಲ್ಲೋ.”

ಮಹಾಂತಮ್ಮನ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೋಯಿತು. ನೀಲಿ ಪರದೆ, ಅದರ ಕೆಳಗೆ ಒಂದಿಂಚು ಸಂದಿ.

ಅವಳು ಒಳಗೆ ಹೋಗಿ ಅಪ್ಪನ ಸ್ಕೇಲು ತಂದಳು. ಗುರುವಿನ ಕೊರಳಿನಿಂದ ಟೇಪನ್ನು ಎಳೆದುಕೊಂಡು ಪಕ್ಕಕ್ಕೆ ಹಿಡಿದಳು. ಸ್ಕೇಲಿನ ಹನ್ನೆರಡು ಇಂಚು ಮುಗಿಯುವ ಕಡೆ ಟೇಪು ಹನ್ನೆರಡೂಕಾಲು ತೋರಿಸಿತು.

“ನಿಮ್ಮ ಟೇಪು ಕುಗ್ಗಿದೆ,” ಎಂದಳು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಪಕ್ಕದ ಮನೆಗೆ ಹೋಗಿ ಅವರ ಮಗಳ ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲು ಕೇಳಿ ತಂದಳು. ಮೂರನ್ನೂ ನೆಲದ ಮೇಲೆ ಒಂದರ ಪಕ್ಕ ಒಂದು ಮಲಗಿಸಿ, ಮಂಡಿಯೂರಿ ನೋಡಿದಳು. ಟೇಪೂ ಶಾಲೆಯ ಸ್ಕೇಲೂ ಒಂದೇ ಮಾತು ಹೇಳಿದವು. ಅಪ್ಪನದೊಂದೇ ಬೇರೆ. ಅಡಿಗೆ ಕಾಲಿಂಚು ಉದ್ದ. ನಾಲ್ಕಡಿಗೆ ಒಂದಿಂಚು. ಇಪ್ಪತ್ತೊಂಬತ್ತು ವರ್ಷದ ಪರದೆಯ ಒಂದಿಂಚು!

ಗುರುವಿನ ಮುಖದಲ್ಲಿ ನಗು ನಿಧಾನವಾಗಿ ಹಬ್ಬತೊಡಗಿತು.

“ಒಂದು ಮಾತಾಡಿದ್ರೆ ನೋಡಿ,” ಎಂದಳು ಮಹಾಂತಮ್ಮ.

ಅವನು ಮಾತಾಡಲಿಲ್ಲ. ಆದರೆ ಅಷ್ಟು ಸಂತೋಷದ ಮೌನವನ್ನು ಅವಳು ಯಾವ ಗಂಡಸಿನ ಮುಖದ ಮೇಲೂ ಕಂಡಿರಲಿಲ್ಲ.

ಅವಳು ನೆಲದ ಮೇಲೇ ಕೂತಳು. ಅಪ್ಪನ ಸ್ಕೇಲು ಸುಳ್ಳೇ? ನಲವತ್ತು ವರ್ಷ ಒಂದು ಸುಳ್ಳು ಸ್ಕೇಲು ಹಿಡಿದು ಅಪ್ಪ ಅಷ್ಟೆಲ್ಲ ಗೇಟು, ಚಕ್ರ ಮಾಡಿದರೇ? ಹಾಗೆ ಕೇಳಿಕೊಳ್ಳುತ್ತಿದ್ದಂತೆ ಹನ್ನೊಂದನೇ ವಯಸ್ಸಿನಲ್ಲಿ ಕೇಳಿದ್ದ ಒಂದು ಮಾತು ನೆನಪಾಯಿತು. ಅವಳು ಶಾಲೆಯ ಲೆಕ್ಕಕ್ಕೆ ಆ ಸ್ಕೇಲು ಎತ್ತಿಕೊಂಡಿದ್ದಳು. ಅಪ್ಪ ಕಸಿದುಕೊಂಡು ಹೇಳಿದ್ದರು: “ಬೇಡ ಮಾಂತಿ. ಇದು ಸುಳ್ಳು ಹೇಳೋ ಸ್ಕೇಲು. ಕಬ್ಬಿಣ ಮಾತ್ರ ಇದನ್ನ ನಿಜ ಮಾಡುತ್ತೆ.” ಅಪ್ಪನ ತಮಾಷೆ ಎಂದುಕೊಂಡು ಮರೆತಿದ್ದಳು. ಅವರಿಗೆ ಇನ್ನೊಂದು ಸ್ಕೇಲೂ ಇತ್ತು. ಅದನ್ನು ನಿವೃತ್ತಿಯ ದಿನ ಯಾರಿಗೋ ಕೊಟ್ಟುಬಿಟ್ಟರು, ಇದು ಮನೆಯಲ್ಲಿ ಉಳಿಯಿತು. ಹಿಂಬದಿಯಲ್ಲಿ ಏನೋ ಅಕ್ಷರಗಳಿದ್ದವು, ಹೆಬ್ಬೆರಳು ತಿಕ್ಕಿ ತಿಕ್ಕಿ ಎಂದೋ ಅಳಿಸಿಹೋಗಿದ್ದವು.

ಕರಗಿದ ಉಕ್ಕು ಆರಿದಾಗ ಕುಗ್ಗುತ್ತದೆ. ಇದು ಭದ್ರಾವತಿಯ ಮಕ್ಕಳಿಗೂ ಗೊತ್ತು. ಅಡಿಗೆ ಕಾಲಿಂಚು ಕುಗ್ಗುತ್ತದೆ ಎಂದು ಗೊತ್ತಿದ್ದವರು, ಮರದ ಮಾದರಿಯನ್ನು ಅಷ್ಟೇ ಹೆಚ್ಚಿಗೆ ಮಾಡಲೆಂದು, ಅಳತೆಯನ್ನೇ ಹಿಗ್ಗಿಸಿ ಆ ಸ್ಕೇಲು ಮಾಡಿದ್ದರು. ಅದರಲ್ಲಿ ಅಳೆದು ಮರ ಕೆತ್ತಿದರೆ ಎರಕ ಆರಿ ಸರಿಯಾದ ಅಳತೆಗೆ ಬಂದು ಕೂರುತ್ತದೆ. ಅಪ್ಪ ತಮಾಷೆ ಮಾಡಿರಲಿಲ್ಲ. ಅವಳು ಈವರೆಗೂ ಕೆತ್ತಿದ ಆನೆ, ನವಿಲು, ಗಿಳಿ ಎಲ್ಲವೂ ಉಕ್ಕಿನ ಅಳತೆಯವೇ. ಸಕ್ಕರೆಗೆ ಅದರ ಹಂಗಿರಲಿಲ್ಲ, ಅಷ್ಟೇ.

ಮಹಾಂತಮ್ಮ ಎದ್ದು ಫೋನ್ ಹಚ್ಚಿದಳು. “ರಕ್ಷಾ! ತಪ್ಪು ನಂದೇ ಕಣೇ! ನಂದೇ ತಪ್ಪು! ಪೂರ್ತಿ ನಂದೇ!”

ಆ ದನಿಯ ಸಂಭ್ರಮ ಕೇಳಿ ರಕ್ಷಾ, “ಆಂಟಿ, ಲಾಟರಿ ಏನಾದ್ರೂ ಹೊಡೀತಾ?” ಎಂದು ಕೇಳಿದಳು.

“ಹದಿಮೂರನೇ ತೂತಿಗೆ ಬರೋ ಹೊತ್ತಿಗೆ ಒಂದು ಮಿಲಿಮೀಟರ್ ಜಾಸ್ತಿ ಆಗಿದೆ. ತೂತು ಇರೋದೇ ಒಂದೂವರೆ. ನಿನ್ನ ಕಾಳು ಪಕ್ಕದ ಗೋಡೆ ನೋಡ್ತಾ ಕೂತಿದೆ, ಪಾಪ! ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಒಂದು ಹೊಸ ಪಟ್ಟಿ ತಗೊಂಡು ಬಾ. ಮೇಡಂಗೆ ಹೇಳು, ಮಾಂತಮ್ಮ ಜೋರು ಮಾಡಿದ್ದಕ್ಕೆ ಸಾರಿ ಕೇಳಿದ್ಲು ಅಂತ.”

ರಕ್ಷಾ ಏಳು ಗಂಟೆಗೇ ಬಂದಳು. ಕಳೆದ ಸಲ ಹನ್ನೊಂದು ದಿನ ಹಿಡಿದ ಕೆಲಸ, ಈಗ ಇದ್ದದ್ದು ಒಂದು ಹಗಲು. ಪುಣ್ಯಕ್ಕೆ ಹೆಚ್ಚಿಗೆ ಒಂದಿರಲಿ ಎಂದು ಮೂರನೆಯ ಚಿಪ್ಪೊಂದನ್ನು ಮಹಾಂತಮ್ಮ ಮೊದಲೇ ಕಡೆದಿಟ್ಟಿದ್ದಳು. ತೂತು ಮಾತ್ರ ಬಾಕಿ, ಅರವತ್ತೈದು.

“ಯಾವ ಸ್ಕೇಲಲ್ಲಿ ಗುರುತು ಮಾಡೋದು ಆಂಟಿ?”

“ಯಾವ ಸ್ಕೇಲೂ ಬೇಡ,” ಎಂದ ಗುರು, ಕೇಳದೆಯೇ. “ಒಳ್ಳೆ ಟೈಲರ್ ಕಾಜಾನ ಅಳೆಯಲ್ಲ. ಗುಂಡಿ ಪಟ್ಟೀನ ಅದರ ಮೇಲೇ ಇಟ್ಟು ಚುಚ್ತಾನೆ.”

ಹಾಗೆಯೇ ಮಾಡಿದರು. ಪಟ್ಟಿಯನ್ನು ಚಿಪ್ಪಿನ ಒಳಗೇ ಬಾಗಿಸಿ ಕೂರಿಸಿ, ಪ್ರತಿ ಕಾಳಿನ ನೆತ್ತಿಯ ಮೇಲೂ ಚೂರು ಕಾಡಿಗೆ ಮುಟ್ಟಿಸಿ ಒತ್ತಿದರು. ಮರದ ಮೇಲೆ ಅರವತ್ತೈದು ಕಪ್ಪು ಚುಕ್ಕೆ ಮೂಡಿದವು. ಮಹಾಂತಮ್ಮ ಒಳಗಿನಿಂದ ಕೊರೆಯತೊಡಗಿದಳು. ಬೆಳಗಿನ ಹತ್ತಕ್ಕೆ ಹದಿನೆಂಟು. ಊಟದ ಹೊತ್ತಿಗೆ ಮೂವತ್ತನಾಲ್ಕು. ಅಚ್ಚು ಕೇಳಲು ಬಂದ ಗಿರಾಕಿಗಳನ್ನು ಗುರು ಬಾಗಿಲಲ್ಲೇ ತಡೆದು, “ಇವತ್ತು ಆಪರೇಷನ್ ನಡೀತಿದೆ, ಕಣ್ಣಿಂದು,” ಎಂದು ಕಳಿಸಿದ. ಸೂಜಿ ಮೂರು ಮುರಿದವು. ಐದೂವರೆಗೆ ಅರವತ್ತೈದನೆಯ ತೂತಿನಿಂದ ಮರದ ಪುಡಿ ಉದುರಿತು. ರಕ್ಷಾ ಚಿಪ್ಪನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಮುಖದ ತುಂಬ ಬೆಳಕಿನ ಚುಕ್ಕೆಗಳು ಬಿದ್ದವು, ಒಂದೂ ಕಡಿಮೆಯಿರಲಿಲ್ಲ.

ತೂತುಗಳಿಗೆ ಕಾಡಿಗೆ ಎಳೆದು ಪಟ್ಟಿ ಅಂಟಿಸುವಾಗ ಏಳು ದಾಟಿತ್ತು, ಅಂಟು ಆರಲು ಹದಿನೈದು ಗಂಟೆ ಬೇಕು. ಅಂದರೆ ಹಾರಿಸಿ ನೋಡಲು ಸಮಯವಿಲ್ಲ, ಮೊದಲ ಹಾರಾಟ ಸಮಿತಿಯ ಎದುರಿಗೇ. ದೀಪಶ್ರೀಗೆ ಫೋನ್ ಮಾಡಿ ಹೇಳಿದರು. ಅವಳು, “ಸರಿ ಅಮ್ಮಾ. ಬರ್ಲಿ ಅವ್ರು. ನೋಡೇಬಿಡೋಣ,” ಎಂದಳು.

ಬುಧವಾರ ಗುರು ಅಂಗಡಿಗೆ ಬಾಗಿಲು ಹಾಕಿಕೊಂಡು ಹೆಂಡತಿಯ ಜೊತೆಗೇ ಬಂದ. ಕೊರಳಿನ ಟೇಪು ತೆಗೆಯುವುದನ್ನು ಮರೆತಿದ್ದ, ಅಥವಾ ಮರೆತಂತೆ ಮಾಡಿದ್ದ. ಸಮಿತಿಯ ಮೂವರು ಕುರ್ಚಿಯಲ್ಲಿ ಕೂತರು. ರಕ್ಷಾ ತುಡುವೆಯನ್ನು ನೆಲಕ್ಕಿಟ್ಟಳು. ಮಹಾಂತಮ್ಮ ಗೋಡೆಗೆ ಒರಗಿ, ಗುರುವಿನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಗುಂಯ್ ಎಂದಿತು. ಎದ್ದಿತು. ಒಂದು ಮಾರು, ಎರಡು ಮಾರು, ನಾಲ್ಕು ಮಾರು. ಇಲ್ಲೇ, ಇದೇ ಜಾಗದಲ್ಲೇ ಮೊನ್ನೆ ವಾಲಿದ್ದು. ಮಹಾಂತಮ್ಮ ಉಸಿರು ಬಿಗಿಹಿಡಿದಳು. ತುಡುವೆ ಬಲಕ್ಕೆ ಒಂದಿಷ್ಟು ಸರಿಯಿತು. ಅಷ್ಟರಲ್ಲಿ ಅದು 'ಓಹೋ, ಗೋಡೆ ಇಲ್ಲಿದೆಯೋ' ಎಂದುಕೊಂಡಂತೆ ಎಡಕ್ಕೆ ಹೊರಳಿ, ನಡುದಾರಿಗೆ ಬಂದು, ನೆಟ್ಟಗೆ ಹೊರಟಿತು. ಹದಿನೈದು ಮೀಟರ್ ಜಮಖಾನದ ಓಣಿ ದಾಟಿ, ಆಚೆ ತುದಿಯಲ್ಲಿ ದೀಪಶ್ರೀ ಒಡ್ಡಿದ ಎರಡು ಅಂಗೈಗಳ ಮುಂದೆ ನಿಧಾನವಾಗಿ ಇಳಿಯಿತು.

“ನೋಡ್ತು!” ಎಂದು ಮಹಾಂತಮ್ಮ ಕಿರುಚಿದಳು. “ಗೋಡೆ ನೋಡ್ತು ರೀ ಅದು! ನನ್ನ ಕಣ್ಣು ನೋಡ್ತು!”

ಸಮಿತಿಯವರು ಬೆಚ್ಚಿ ತಿರುಗಿದರು. ರಕ್ಷಾ ಅಳುತ್ತ ನಗುತ್ತಿದ್ದಳು. ಒಂದು ಸಮಿತಿಯ ಮೂವರೂ ಒಟ್ಟಿಗೆ ಚಪ್ಪಾಳೆ ಹೊಡೆದದ್ದನ್ನು ಆ ಮೊಗಸಾಲೆ ಎಂದೂ ಕಂಡಿರಲಿಲ್ಲ. ಒಂದು ಜಮಖಾನವನ್ನು ಹತ್ತಿರಕ್ಕೆ ಎಳೆದು ಓಣಿ ಕಿರಿದು ಮಾಡಿದರು, ಹಾರಿತು. ಇನ್ನೊಂದನ್ನು ಸೊಟ್ಟ ಮಾಡಿದರು, ಹಾರಿತು. ಎಂಟು ಸಲ ಹಾರಿಸಿದರು, ಎಂಟು ಸಲವೂ ದಾಟಿತು.

ಹೊರಡುವ ಮುಂಚೆ ಸಮಿತಿಯ ಹಿರಿಯರೊಬ್ಬರು, “ಈ ಕಣ್ಣು ಯಾವ ಊರಿಂದ ತರಿಸಿದ್ರಿ?” ಎಂದು ಕೇಳಿದರು. ದೀಪಶ್ರೀ ಮಹಾಂತಮ್ಮನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಬಂದು, “ಭದ್ರಾವತಿಯಿಂದ. ಇವರೇ ಮಾಡಿದ್ದು. ಇನ್ನು ಎರಡು ವರ್ಷ ಎಲ್ಲ ಕಣ್ಣೂ ಇವರೇ ಮಾಡ್ತಾರೆ,” ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಗುರು ತಡೆಯಲಾರದೆ ಕೇಳಿದ, “ಹಾಗಾದ್ರೆ ಆ ಪರದೆ...”

“ಹೊಸದು ಹೊಲೀರಿ. ನಿಮ್ಮ ಟೇಪಲ್ಲೇ ಅಳೀರಿ,” ಎಂದಳು ಮಹಾಂತಮ್ಮ. ಗುರು ಉಳಿದ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿಕೊಂಡು ಒಬ್ಬನೇ ನಕ್ಕ.

ಅವಳು ಮಡಿಲಲ್ಲಿದ್ದ ಕರವಸ್ತ್ರ ಬಿಚ್ಚಿದಳು. ಸೋತ ಬಲಗಣ್ಣು. ಹನ್ನೊಂದು ದಿನದ ಕೆಲಸ, ಎಸೆಯಲು ಮನಸ್ಸು ಬರಲಿಲ್ಲ. ಬೆರಳಿನಿಂದ ಅದರ ಬೆನ್ನು ಸವರುತ್ತಿದ್ದವಳು ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಸುಳ್ಳು ಹೇಳುವ ಸ್ಕೇಲಿನಲ್ಲಿ ಅಳೆದ ಕಣ್ಣು. ಕಬ್ಬಿಣ ಮಾತ್ರ ಅದನ್ನು ನಿಜ ಮಾಡುತ್ತದೆ.

“ಇಳೀರಿ,” ಎಂದಳು. “ಮಾಚೇನಹಳ್ಳಿ ಬಂತು, ಇಳೀರಿ!”

ಮಾಚೇನಹಳ್ಳಿಯ ಶೆಡ್ಡುಗಳಲ್ಲೊಂದರಲ್ಲಿ ಮಧು ಎಂಬ ಮೂವತ್ತರ ಯುವಕ ಸಣ್ಣ ಎರಕದ ಕೆಲಸ ನಡೆಸುತ್ತಿದ್ದ. ಚಿಪ್ಪನ್ನು ತಿರುಗಿಸಿ ನೋಡಿದ. “ಇದನ್ನ ಉಕ್ಕಲ್ಲಿ ಎರೀಬೇಕಾ? ತೂತು ಬರಲ್ಲಮ್ಮ, ಬರೀ ಗುಳಿ ಬರುತ್ತೆ. ಯಾವ ಮಷೀನಿಗೆ?”

“ಯಾವ ಮಷೀನಿಗೂ ಅಲ್ಲ. ನಂಗೆ.”

ಎಂಟು ದಿನ ಬಿಟ್ಟು ಗಂಡಹೆಂಡತಿ ಇಬ್ಬರೂ ಹೋದರು. ಮಧು ಮರಳು ಕೊಡವಿ, ಬೂದುಬಣ್ಣದ ಉಕ್ಕಿನ ಚಿಪ್ಪೊಂದನ್ನು ಮೇಜಿನ ಮೇಲಿಟ್ಟ. ಐದು ಸಾಲು ಗುಳಿ, ಸಾಲಿಗೆ ಹದಿಮೂರು. ಮೊದಲಿನದರಿಂದ ಕೊನೆಯದಕ್ಕೆ ಹನ್ನೆರಡು ಹೆಜ್ಜೆ, ಹೆಜ್ಜೆಗೆ ನಾಲ್ಕು ಮಿಲಿಮೀಟರ್. ಬರಬೇಕಾದದ್ದು ನಲವತ್ತೆಂಟು. ಬಾಗಿದ ಬೆನ್ನನ್ನು ಅಳೆಯಲು ಸ್ಕೇಲು ಆಗುವುದಿಲ್ಲ. ಮಹಾಂತಮ್ಮ ಕೈಚಾಚಿದಳು, ಗುರು ಕೊರಳಿನ ಟೇಪು ಕೊಡಲು ಹೋದ.

“ನೀವೇ ಅಳೀರಿ,” ಎಂದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಗುರು ಬಗ್ಗಿ, ಟೇಪನ್ನು ಮೊದಲ ಗುಳಿಗೆ ಹಿಡಿದು, ಬೆನ್ನಿನ ಮೇಲೆ ಮೆಲ್ಲಗೆ ಹಾಸಿ, ಕೊನೆಯ ಗುಳಿಯ ಮೇಲೆ ಉಗುರಿಟ್ಟ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದ.

“ನಲವತ್ತೆಂಟು,” ಎಂದ. “ಸರಿಯಾಗಿ ನಲವತ್ತೆಂಟು ಕಣೆ.”

ಮಹಾಂತಮ್ಮ ಆ ಉಕ್ಕಿನ ಕಣ್ಣನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸಣ್ಣದಾದರೂ ಭಾರವಾಗಿತ್ತು. ಕುಲುಮೆಯ ಸದ್ದಿನ ನಡುವೆ, ಮಧುವೂ ಅವನ ಕೆಲಸಗಾರರೂ ನೋಡುತ್ತಿದ್ದ ಹಾಗೆಯೇ, ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು:

“ನಂದೂ ಎರಕಕ್ಕೆ ಹೋಯ್ತು ಅಪ್ಪಾ.”